ನಿಮಗಿದು ಗೊತ್ತೆ? ಉಗಿಬಂಡಿಯ ಹಳಿ ಮೇಲೆ ವಾಯುವಿಹಾರ!

ಜಪಾನಿನ ಯೋಕೋಹಾಮಾ ಬಂದರಿನಲ್ಲಿ ‘ಕಿಶಾಮಿಚಿ’ ಎಂಬ ಕಾಲುದಾರಿ ಇದೆ. ಸುಮಾರು 500 ಮೀಟರ್ ಉದ್ದದ ಇದು ಒಂದು ಕಾಲದಲ್ಲಿ ಉಗಿಬಂಡಿಗಳು ಸರಕು ಸಾಗಿಸುತ್ತಿದ್ದ ರೈಲು ಮಾರ್ಗ. 1997ರಲ್ಲಿ ಇದನ್ನು ಜನರ ಓಡಾಟಕ್ಕೆ ತೆರೆದಾಗ ಹಳಿಗಳನ್ನು ಕಿತ್ತು ಗುಜರಿಗೆ ಹಾಕಲಿಲ್ಲ, ನೆಲದಲ್ಲೇ ಹುದುಗಿಸಿ ಉಳಿಸಿಕೊಂಡರು. ಎಂಥ ಒಳ್ಳೆಯ ಕೆಲಸ!

ದಾರಿಯಲ್ಲಿ ಸಿಗುವ ಎರಡು ಉಕ್ಕಿನ ಸೇತುವೆಗಳು ಅಮೆರಿಕದಿಂದ ಬಂದವು. 1907ರಲ್ಲಿ ಅಮೆರಿಕನ್ ಬ್ರಿಜ್ ಕಂಪನಿ ತಯಾರಿಸಿದ ಅವುಗಳ ತೊಲೆಗಳು ಇಂದಿಗೂ ಗಟ್ಟಿಯಾಗಿವೆ.

ಜಪಾನಿನ ಮೊದಲ ರೈಲು ಮಾರ್ಗವೂ ಇಲ್ಲಿಯದೇ. 1872ರಲ್ಲಿ ಟೋಕಿಯೋದ ಶಿಂಬಾಶಿಯಿಂದ ಯೋಕೋಹಾಮಾಕ್ಕೆ 29 ಕಿ.ಮೀ. ದೂರವನ್ನು ರೈಲು 53 ನಿಮಿಷದಲ್ಲಿ ಕ್ರಮಿಸುತ್ತಿತ್ತು. ನಮ್ಮ ಬೆಂಗಳೂರು ದಂಡು–ಜೋಲಾರಪೇಟೆ ಮಾರ್ಗ ಅದಕ್ಕೂ ಎಂಟು ವರ್ಷ ಮೊದಲೇ, 1864ರಲ್ಲಿ, ಶುರುವಾಗಿತ್ತು ಎನ್ನುವುದು ನಾವು ಹೆಮ್ಮೆಪಡಬೇಕಾದ ಸಂಗತಿ.

ಜಪಾನಿನ ಆ ಮೊದಲ ಮಾರ್ಗದ ಹತ್ತೂ ಎಂಜಿನ್‌ಗಳು ಬ್ರಿಟನ್ನಿನವು. ಅವುಗಳಲ್ಲೊಂದಾದ 110ನೇ ನಂಬರಿನ ಎಂಜಿನ್ ಅನ್ನು ಸಾಕುರಾಗಿಚೋ ನಿಲ್ದಾಣದ ಪಕ್ಕದ ಕಟ್ಟಡದಲ್ಲಿ ಈಗಲೂ ನೋಡಬಹುದು. ಮಾರ್ಗ ನಿರ್ಮಾಣದ ಹೊಣೆ ಹೊತ್ತಿದ್ದ ಇಂಗ್ಲಿಷ್ ಎಂಜಿನಿಯರ್ ಎಡ್ಮಂಡ್ ಮೊರೆಲ್ ಮಾತ್ರ ರೈಲು ಓಡುವುದನ್ನು ಕಾಣಲಿಲ್ಲ. ಅವರು 1871ರಲ್ಲೇ ತೀರಿಕೊಂಡರು. ಅವರ ಸಮಾಧಿ ಯೋಕೋಹಾಮಾದ ವಿದೇಶಿಯರ ಸ್ಮಶಾನದಲ್ಲಿದೆ.

ಅಮೆರಿಕದಲ್ಲಿ 1960ರ ಹೊತ್ತಿಗೆ ಡೀಸೆಲ್ ಎಂಜಿನ್‌ಗಳು ಉಗಿಬಂಡಿಯನ್ನು ಬಹುತೇಕ ಮೂಲೆಗೆ ಸರಿಸಿದ್ದವು. ಆದರೆ ಜಪಾನಿನಲ್ಲಿ ರಾಷ್ಟ್ರೀಯ ರೈಲ್ವೆಯ ಕೊನೆಯ ಉಗಿ ಪ್ರಯಾಣಿಕ ರೈಲು ಓಡಿದ್ದು 1975ರ ಡಿಸೆಂಬರ್‌ನಲ್ಲಿ, ಹೊಕ್ಕೈಡೊ ದ್ವೀಪದಲ್ಲಿ.