ಗಣಕಯಂತ್ರದ ಪ್ರಾರಂಭದಶೆಯಲ್ಲಿ ಸ್ಮೃತಿಸಂರಕ್ಷಣೆ

ಗಣಕಯಂತ್ರದ ಮೂಲತಂತ್ರವಾದ ಕರ್ನಲ್ಲಿನ ಮುಖ್ಯ ಕರ್ತವ್ಯಗಳಲ್ಲಿ ಸ್ಮೃತಿಯನ್ನು, ಎಂದರೆ ಮೆಮೊರಿಯನ್ನು, ಬೇಡಿದವರಿಗೆ ಹಂಚಿಕೊಡುವುದೂ ಒಂದು. ಹಂಚುವುದಕ್ಕೆ ಲೆಕ್ಕದ ಪುಸ್ತಕ ಬೇಕು. ಆ ಪುಸ್ತಕವನ್ನಿಡುವುದಕ್ಕೂ ಸ್ಮೃತಿಯೇ ಬೇಕು. ಲೆಕ್ಕವಿಲ್ಲದೆ ಹಂಚಿಕೆಯಿಲ್ಲ, ಹಂಚಿಕೆಯಿಲ್ಲದೆ ಲೆಕ್ಕಕ್ಕೆ ಸ್ಥಳವಿಲ್ಲ. ನೈಯಾಯಿಕರು ಅನ್ಯೋನ್ಯಾಶ್ರಯವೆಂದು ಕರೆಯುವ ದೋಷವು ಇಲ್ಲಿ ಸ್ಪಷ್ಟವಾಗಿದೆ. ಲಿನಕ್ಸ್ ಕರ್ನಲ್ಲಿನಲ್ಲಿ ಇದನ್ನು ಪರಿಹರಿಸಿರುವ ಕ್ರಮವನ್ನು ಸಂಗ್ರಹವಾಗಿ ನಿರೂಪಿಸುವೆವು.

ಪೂರ್ವದಲ್ಲಿದ್ದ ಬೂಟ್‌ಮೆಮ್ ಎಂಬ ವ್ಯವಸ್ಥೆಯು ಸ್ಮೃತಿಯ ಒಂದೊಂದು ಪುಟಕ್ಕೂ ಒಂದೊಂದು ಬಿಟ್ಟಿನ ಗುರುತನ್ನಿಡುತ್ತಿದ್ದಿತು. 4096 ಬೈಟುಗಳ ಪುಟಗಳಾಗಿ ವಿಭಾಗಿಸಿದ 4 ಗಿಗಾಬೈಟು ಸ್ಮೃತಿಗೆ 1,31,072 ಬೈಟುಗಳ ಗುರುತುಪಟ್ಟಿಯಾಗುತ್ತದೆ. ಆ ಪಟ್ಟಿಗೇ ಮೊದಲು ಸ್ಥಳವನ್ನು ಹುಡುಕಬೇಕಾಗಿದ್ದುದರಿಂದ ದೋಷವು ನಿಶ್ಶೇಷವಾಗಿ ತೊಲಗಲಿಲ್ಲ. 2018ರಲ್ಲಿ ಬೂಟ್‌ಮೆಮ್ಮನ್ನು ತೆಗೆದುಹಾಕಲಾಯಿತು. 2010ರಿಂದ ಮೆಮ್‌ಬ್ಲಾಕ್ ಎಂಬ ಹೆಸರಿನಿಂದ ಬಳಕೆಯಲ್ಲಿದ್ದ ವ್ಯವಸ್ಥೆಯೇ ಅದರ ಸ್ಥಾನದಲ್ಲಿ ನಿಂತಿತು.

ಮೆಮ್‌ಬ್ಲಾಕಿನ ಪ್ರಧಾನಾಂಗಗಳು ಎರಡು ಪಟ್ಟಿಗಳು. ಯಂತ್ರದಲ್ಲಿರುವ ಸ್ಮೃತಿಭಾಗಗಳೆಲ್ಲವೂ ಮೊದಲನೆಯದರಲ್ಲಿ. ಕಾದಿರಿಸಿದ ಭಾಗಗಳು ಎರಡನೆಯದರಲ್ಲಿ. ವೈಯಾಕರಣರ ಮಾತಿನಲ್ಲಿ ಹೇಳುವುದಾದರೆ ಮೊದಲನೆಯದು ಉತ್ಸರ್ಗ, ಎರಡನೆಯದು ಅಪವಾದ. ಅಪವಾದವನ್ನು ಬಿಟ್ಟು ಉಳಿದುದರಲ್ಲಿಯೇ ಹಂಚಿಕೆ. ಪುಟಪುಟಕ್ಕೂ ಗುರುತಿಲ್ಲದೆ, ಒಂದೊಂದು ಭಾಗದ ಆರಂಭವನ್ನೂ ಅಳತೆಯನ್ನೂ ಬರೆದಿಡುವುದರಿಂದ ಪಟ್ಟಿಯು ಚಿಕ್ಕದು. ಪ್ರಾರಂಭದಲ್ಲಿ ಸಾಮಾನ್ಯವಾಗಿ 128 ಭಾಗಗಳಿಗೆ ಸಾಕಾಗುವ ಸ್ಥಳವು ಕರ್ನಲ್ಲಿನ ಶರೀರದೊಳಗೇ ಮುಂಚಿತವಾಗಿ ಅಡಕವಾಗಿರುತ್ತದೆ. ಬೇಡುವ ಅವಶ್ಯಕತೆಯೇ ಇಲ್ಲವಾದ್ದರಿಂದ ಅನ್ಯೋನ್ಯಾಶ್ರಯವು ಪರಿಹೃತವಾಯಿತು.

ಇನ್ನು ಪೌರ್ವಾಪರ್ಯದ ವಿಚಾರ. ಕರ್ನಲ್ಲಿನ ಶರೀರ, ಆರಂಭಕ್ಕೆ ಬೇಕಾದ ಕಡತಗಳ ಗಂಟಾದ ಇನಿಟ್‌ಆರ್‌ಡಿ, ಯಂತ್ರದೊಡನೆಯೇ ಬಂದ ಫರ್ಮ್‌ವೇರಿನ ಕೋಷ್ಟಕಗಳು, ಇವೆಲ್ಲವೂ ಮೊದಲೇ ಸ್ಮೃತಿಯಲ್ಲಿ ನೆಲಸಿರುತ್ತವೆ. ಆದರೆ ಹೇಳುವ ತನಕ ಪಟ್ಟಿಯು ಇವುಗಳನ್ನು ಅರಿಯದು. ಕಾದಿರಿಸುವುದಕ್ಕೆ ಮುನ್ನವೇ ಹಂಚಿಕೆ ನಡೆದರೆ ಇರುವುದರ ಮೇಲೆಯೇ ಹೊಸದು ಬರೆಯಲ್ಪಟ್ಟೀತು. ಆ ಕೇಡು ಆಗಲೇ ತೋರದೆ, ಬಹುಕಾಲಾನಂತರ ಬೇರೊಂದು ಸ್ಥಳದಲ್ಲಿ ತಲೆಯೆತ್ತಬಹುದು. ಕಾರ್ಯವೊಂದು ಕಡೆ, ಕಾರಣವೊಂದು ಕಡೆ. ಆದಕಾರಣ ಎಕ್ಸ್86 ಜಾತಿಯ ಯಂತ್ರಗಳಲ್ಲಿ, 2021ರ ತಿದ್ದುಪಡಿಯ ಪ್ರಕಾರ, ಅನೇಕ ಭಾಗಗಳನ್ನು ಸ್ಮೃತಿಯ ಪಟ್ಟಿಯನ್ನು ತುಂಬುವುದಕ್ಕೆ ಮುಂಚೆಯೇ ಕಾದಿರಿಸುವರು. ಉತ್ಸರ್ಗಕ್ಕಿಂತ ಮೊದಲೇ ಅಪವಾದದ ಉಪದೇಶ! ಫರ್ಮ್‌ವೇರುಗಳು ಕೆಲವು ಮೊದಲ ಒಂದು ಮೆಗಾಬೈಟಿನಲ್ಲಿ ಕೈಯಾಡಿಸುತ್ತಿದ್ದುದರಿಂದ ಅದನ್ನೂ ಅದೇ ವರ್ಷದಿಂದ ಪೂರ್ತಿಯಾಗಿ ಕಾದಿರಿಸಲಾಗಿದೆ.

128 ಭಾಗಗಳು ಸಾಲದಿದ್ದರೆ ಪಟ್ಟಿಯನ್ನು ಇಮ್ಮಡಿಗೊಳಿಸಬಹುದು. ಆದರೆ ಹಿಗ್ಗಿದ ಪಟ್ಟಿಗೂ ಸ್ಥಳವು ಬೇಕಷ್ಟೆ. ಆದುದರಿಂದ ಕಾದಿರಿಸುವ ಕಾರ್ಯವು ಮುಗಿದಮೇಲೆಯೇ ಅದಕ್ಕೆ ಅನುಮತಿ.

ಕಡೆಯಲ್ಲಿ ಕಾದಿರಿಸದ ಪುಟಗಳೆಲ್ಲವೂ ಶಾಶ್ವತ ಹಂಚಿಕೆಯ ವ್ಯವಸ್ಥೆಯ ವಶವಾಗುತ್ತವೆ. ಇನಿಟ್‌ಆರ್‌ಡಿಯ ಗಂಟನ್ನು ಬಿಚ್ಚಿದ ತರುವಾಯ ಅದರ ಸ್ಥಳವೂ ಸಾಮಾನ್ಯವಾಗಿ ಅಲ್ಲಿಗೇ ಸೇರುವುದು. ಹಲವು ಯಂತ್ರಜಾತಿಗಳಲ್ಲಿ ಮೆಮ್‌ಬ್ಲಾಕಿನ ಪಟ್ಟಿಗಳೂ ವಿಸರ್ಜಿತವಾಗುತ್ತವೆ. ಅಲ್ಪಕಾಲ ಬಾಳುವ ಈ ಲೆಕ್ಕದಲ್ಲಿ ಒಂದು ಸಾಲು ತಪ್ಪಿದರೂ ಮುಂದಿನ ವ್ಯವಹಾರವೆಲ್ಲವೂ ಸಂಶಯಗ್ರಸ್ತವಾಗುವುದೆಂಬುದನ್ನು ವಾಚಕರು ಗಮನಿಸಬೇಕು.