ಹತ್ತು ದಿನದಲ್ಲಿ ಕಟ್ಟಿದ ಪಲಟಣ

ಆಕ್ರಿಂಗ್ಟನ್ ಇಂಗ್ಲೆಂಡಿನ ಲ್ಯಾಂಕಾಶೈರಿನ ಒಂದು ಗಿರಣಿ ಊರು. 1914ರಲ್ಲಿ ಅಲ್ಲಿನ ಜನಸಂಖ್ಯೆ ಹೆಚ್ಚೆಂದರೆ ನಲವತ್ತೈದು ಸಾವಿರ. ಲಿವರ್‌ಪೂಲ್, ಮ್ಯಾಂಚೆಸ್ಟರಿನಂಥ ಮಹಾನಗರಗಳು ಮೊದಲ ಮಹಾಯುದ್ಧಕ್ಕೆ ತಮ್ಮದೇ ಬೆಟಾಲಿಯನ್ ಕೊಡುತ್ತಿದ್ದಾಗ ಈ ಊರಿನ ಮೇಯರ್ ಜಾನ್ ಹಾರ್ವುಡ್, ನಾವೂ ಒಂದನ್ನು ಕಟ್ಟಿಕೊಡುತ್ತೇವೆ ಎಂದರು. ಸಾವಿರ ಗಂಡಸರನ್ನು ಎಲ್ಲಿಂದ ತರುತ್ತೀರಿ ಎಂದು ಯಾರಾದರೂ ಕೇಳಬಹುದಿತ್ತು. ಸೆಪ್ಟೆಂಬರ್ 7ರಂದು ಯುದ್ಧ ಇಲಾಖೆ ಒಪ್ಪಿತು. 14ಕ್ಕೆ ಭರ್ತಿ ಶುರುವಾಗಿ ಹತ್ತೇ ದಿನದಲ್ಲಿ ಮುಗಿಯಿತು.

ಇದನ್ನು ದೇಶಪ್ರೇಮದ ಪವಾಡ ಎಂದು ಬಣ್ಣಿಸುವುದು ಸುಲಭ. ಆದರೆ ಆ ಬೇಸಿಗೆಯಲ್ಲಿ ಊರಿನ ಒಲೆಗಳ ಸ್ಥಿತಿ ಹೇಗಿತ್ತು ಎನ್ನುವುದನ್ನೂ ನೋಡಬೇಕು. ನೂಲುವ ಯಂತ್ರ ತಯಾರಿಸುವ ಹೋವರ್ಡ್ ಅಂಡ್ ಬುಲ್ಲೋ ಊರಿನ ಅತಿ ದೊಡ್ಡ ಕಾರ್ಖಾನೆ. ಕೂಲಿಯ ಜಗಳದಿಂದ ಜುಲೈಯಲ್ಲೇ ಅದರ ಗೇಟಿಗೆ ಬೀಗ ಬಿದ್ದು ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಹೊರಗೆ ನಿಂತಿದ್ದರು. ಅದರ ಮೇಲೆ ಯುದ್ಧ ಬಂತು, ಹತ್ತಿ ವ್ಯಾಪಾರ ಕೆಟ್ಟಿತು. ನಮ್ಮ ಅಜ್ಜಂದಿರು ಸೀಮೆಬಟ್ಟೆ ಎಂದು ಕೊಳ್ಳುತ್ತಿದ್ದುದು ಬಹುಪಾಲು ಈ ಲ್ಯಾಂಕಾಶೈರಿನ ಮಾಲನ್ನೇ; ಭಾರತ ಅವರ ದೊಡ್ಡ ಗಿರಾಕಿ. ಮಾಲು ಹೋಗದಿದ್ದರೆ ಮಗ್ಗ ನಿಲ್ಲುತ್ತದೆ, ಮಗ್ಗ ನಿಂತರೆ ಬಟವಾಡೆ ನಿಲ್ಲುತ್ತದೆ. ಸೇನೆಗೆ ಸೇರಿದರೆ ದಿನಕ್ಕೊಂದು ಶಿಲ್ಲಿಂಗ್, ಮನೆಯಲ್ಲಿ ಹೆಂಡತಿ ಮಕ್ಕಳಿಗೆ ಬೇರೆ ಭತ್ಯೆ.

ಹಾಗಂತ ಎಲ್ಲವೂ ಹೊಟ್ಟೆಪಾಡೇ ಎಂದರೆ ಆ ಹುಡುಗರಿಗೆ ಅನ್ಯಾಯ. ಲಿವರ್‌ಪೂಲಿನಲ್ಲಿ ಆಗಸ್ಟ್ ಕೊನೆಗೆ ಲಾರ್ಡ್ ಡರ್ಬಿ ಒಂದು ಭರವಸೆ ಚಲಾವಣೆಗೆ ಬಿಟ್ಟಿದ್ದರು: ಜೊತೆಗೆ ಸೇರಿದ ಗೆಳೆಯರು ಜೊತೆಗೇ ಇರುತ್ತಾರೆ. ಹಲವರನ್ನು ಎಳೆದದ್ದು ಅದೇ. ಪಕ್ಕದ ಮನೆಯವನು ಹೊರಟ, ಫುಟ್‌ಬಾಲ್ ತಂಡದವರು ಹೊರಟರು. ಇವನೊಬ್ಬ ಮನೆಯಲ್ಲಿ ಕೂತು ಮಾಡುವುದೇನು? ಆದರೂ ಆಕ್ರಿಂಗ್ಟನ್ ಒಂದರಿಂದಲೇ ಪಡೆ ತುಂಬಲಿಲ್ಲ. ಒಂದು ಕಂಪನಿ ಸುತ್ತಮುತ್ತಲ ಊರುಗಳದ್ದು, ಇನ್ನೊಂದು ಬರ್ನ್ಲಿಯದ್ದು, ಮತ್ತೊಂದು ಚೋರ್ಲಿಯದ್ದು. ಹೆಸರು ಮಾತ್ರ ಆಕ್ರಿಂಗ್ಟನ್ನಿಗೇ ಉಳಿಯಿತು.

ಸೇನೆಯ ಕಡತದಲ್ಲಿ ಅದು ಈಸ್ಟ್ ಲ್ಯಾಂಕಾಶೈರ್ ರೆಜಿಮೆಂಟಿನ 11ನೇ ಬೆಟಾಲಿಯನ್. ಆದರೆ ಕಡತದಲ್ಲಿ ಹೆಸರು ಬಿಟ್ಟರೆ ಅವರಿಗೆ ಕೊಡಲು ಸೇನೆಯ ಬಳಿ ಏನೂ ಇರಲಿಲ್ಲ. ಬಂದೂಕಿಲ್ಲ, ಬ್ಯಾರಕ್ಕಿಲ್ಲ. ಖಾಕಿ ಸಾಲದೆ ನೀಲಿ ಬಟ್ಟೆ ಹೊಲಿಸಬೇಕಾಯಿತು, ಅದೂ ಬರುವ ತನಕ ಮನೆಯ ಕೋಟು ಟೋಪಿಯಲ್ಲೇ ಕವಾಯತು. ಎಲಿಸನ್ಸ್ ಟೆನೆಮೆಂಟ್ ಎಂಬ ಬಯಲಿನಲ್ಲಿ ಹಗಲೆಲ್ಲ ಎಡಬಲ ಹೆಜ್ಜೆ ಹಾಕಿದವನು ಸಂಜೆ ತನ್ನ ಮನೆಗೇ ಹೋಗಿ, ತನ್ನ ಹಾಸಿಗೆಯಲ್ಲೇ ಮಲಗುತ್ತಿದ್ದ. ಬರ್ನ್ಲಿ, ಚೋರ್ಲಿಯವರ ತಾಲೀಮು ಅವರವರ ಊರಲ್ಲೇ. ದಂಡನಾಯಕ ಕರ್ನಲ್ ರಿಚರ್ಡ್ ಶಾರ್ಪಲ್ಸ್ 64ರ ವಯಸ್ಸಿನ ವಕೀಲ. ಪಡೆಯನ್ನು ಕಟ್ಟಿ ನಿಲ್ಲಿಸಲು ಅವರು ಸಾಕಿತ್ತು, ಕದನಕ್ಕೆ ಒಯ್ಯುವ ವಯಸ್ಸು ಅದಲ್ಲ.

1915ರ ಫೆಬ್ರವರಿ 23ರಂದು ರೈಲು ಹತ್ತಿ ವೇಲ್ಸಿನ ಕಾರ್ನಾರ್ವನ್ ಸೇರಿದಾಗಲೇ ನಾಲ್ಕೂ ಕಂಪನಿಗಳು ಒಂದೇ ಕಡೆ ಕೂಡಿದ್ದು. ಅಲ್ಲೂ ವಾಸ ಊರವರ ಮನೆಗಳಲ್ಲಿ. ಮಾರ್ಚಿನಲ್ಲಿ ಶಾರ್ಪಲ್ಸ್ ಜಾಗಕ್ಕೆ ಆರ್ಥರ್ ರಿಕ್‌ಮನ್ ಬಂದರು. ಕಸುಬಿನಿಂದಲೇ ಸಿಪಾಯಿಯಾಗಿದ್ದ ಅವರ ಕೈಕೆಳಗೆ ನಿಜವಾದ ತಾಲೀಮು ಶುರುವಾಯಿತು. ಮುಂದೆ ರೂಜ್ಲಿ, ರಿಪನ್, ಸಾಲ್ಸ್‌ಬರಿ ಬಯಲು. ವರ್ಷದ ಕೊನೆಗೆ ಈಜಿಪ್ಟಿಗೆ ಹಡಗು, ಅಲ್ಲಿಂದ ಫ್ರಾನ್ಸಿಗೆ.

1916ರ ಜುಲೈ 1ರ ಬೆಳಿಗ್ಗೆ ಫ್ರಾನ್ಸಿನ ಸೆರ್ ಹಳ್ಳಿಯೆದುರು ಕಂದಕ ಬಿಟ್ಟು ಎದ್ದವರು ಸುಮಾರು 700 ಮಂದಿ. 584 ಮಂದಿ ಸತ್ತರು, ಗಾಯಗೊಂಡರು ಇಲ್ಲವೆ ಕಾಣೆಯಾದರು, ಅದೂ ಅರ್ಧ ಗಂಟೆಯ ಆಸುಪಾಸಿನಲ್ಲಿ. ಜೊತೆಗೇ ಇರಿಸುತ್ತೇವೆಂಬ ಮಾತನ್ನು ಸೇನೆ ಚಾಚೂ ತಪ್ಪದೆ ನಡೆಸಿತ್ತು. ಹಾಗಾಗಿ ಸಾವಿನ ಸುದ್ದಿಯೂ ಅವೇ ಕೆಲವು ಬೀದಿಗಳಿಗೆ ಒಟ್ಟಿಗೇ ಬಂತು. ಅಷ್ಟು ಹೊತ್ತಿಗೆ ಕಡ್ಡಾಯ ಭರ್ತಿಯ ಕಾನೂನು ಜಾರಿಗೆ ಬಂದಿತ್ತು. ಖಾಲಿಯಾದ ಜಾಗಗಳನ್ನು ತುಂಬಲು ಸೇನೆ ಆಕ್ರಿಂಗ್ಟನ್ನಿನವರನ್ನೇ ಹುಡುಕಿಕೊಂಡು ಹೋಗಲಿಲ್ಲ, ಎಲ್ಲೆಲ್ಲಿಯವರನ್ನೋ ಕಳಿಸಿತು.