ಕಲಿಕೆಯ ತಂತ್ರಾಂಶ: ಬಾಡಿಗೆಯದೋ, ಸ್ವಂತದ್ದೋ?

ಪಾಠಶಾಲೆಯ ಕಟ್ಟಡವನ್ನು ಬಾಡಿಗೆಗೆ ಹಿಡಿಯುವುದು ಬೇರೆ. ಪಾಠದ ಬರೆಹ, ಹಾಜರಿಯ ವಹಿ, ವಿದ್ಯಾರ್ಥಿಯ ಉತ್ತರ, ಅಧ್ಯಾಪಕನ ಅಂಕಪಟ್ಟಿ ಇವೆಲ್ಲವನ್ನೂ ಪರರ ಪೆಟ್ಟಿಗೆಯಲ್ಲಿಟ್ಟು ಬೀಗದ ಕೈಯನ್ನೂ ಅವರಿಗೇ ಒಪ್ಪಿಸುವುದು ಬೇರೆ. ಮೊದಲನೆಯದು ಖರ್ಚಿನ ಮಾತು; ಎರಡನೆಯದು ಅಧಿಕಾರದ ಮಾತು. ಈ ಎರಡನ್ನೂ ಒಂದೆಂದೇ ಎಣಿಸಿ ವಿಶ್ವವಿದ್ಯಾನಿಲಯಗಳು ವ್ಯವಹರಿಸತೊಡಗಿದರೆ ಅದರ ಫಲವನ್ನು ಅನುಭವಿಸತಕ್ಕವರು ನಮ್ಮ ಮಕ್ಕಳು. ಆದುದರಿಂದ ಈ ವಿಷಯವನ್ನು ಮಹಾಜನರ ಮುಂದಿಡುವುದು ಅವಶ್ಯವೆಂದು ನಾವು ತಿಳಿದಿರುವೆವು.

ಕಲಿಕಾ ನಿರ್ವಹಣಾ ವ್ಯವಸ್ಥೆಯೆಂಬುದು ಈಗ ಹೊಸ ಮಾತೇನೂ ಅಲ್ಲ. ಅಧ್ಯಾಪಕರು ತಮ್ಮ ಪಾಠಗಳನ್ನು ಅದರಲ್ಲಿ ಇರಿಸುವರು. ವಿದ್ಯಾರ್ಥಿಗಳು ಮೊಬೈಲಿನಲ್ಲಿಯೋ ಗಣಕದಲ್ಲಿಯೋ ಅವನ್ನು ತೆರೆದು ಓದಿ, ಕೊಟ್ಟ ಕೆಲಸವನ್ನು ಮಾಡಿ ಒಪ್ಪಿಸುವರು. ಕಿರುಪರೀಕ್ಷೆಗಳೂ ಅಂಕಗಳೂ ಅಲ್ಲಿಯೇ ದಾಖಲಾಗುವುವು. ಕೋವಿಡ್ ಪಿಡುಗಿನ ಕಾಲದಲ್ಲಿ ತರಗತಿಗಳು ಮುಚ್ಚಿದಾಗ ಇದರ ಅಗತ್ಯವು ಎಲ್ಲರಿಗೂ ಮನವರಿಕೆಯಾಯಿತು. 2021ರಲ್ಲಿ ರಾಜ್ಯ ಸರ್ಕಾರವೇ ಸುಮಾರು 430 ಸರ್ಕಾರಿ ಪ್ರಥಮದರ್ಜೆ ಕಾಲೇಜುಗಳಿಗೂ ಪಾಲಿಟೆಕ್ನಿಕ್ಕುಗಳಿಗೂ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳಿಗೂ ಇಂತಹ ಏರ್ಪಾಡನ್ನು ಆರಂಭಿಸಿತು. ವಿಶ್ವವಿದ್ಯಾನಿಲಯಗಳಾದರೋ ತಂತಮ್ಮ ಪಠ್ಯಕ್ರಮಕ್ಕೂ ಸ್ನಾತಕೋತ್ತರ ವಿಭಾಗಗಳಿಗೂ ಒಪ್ಪುವ ವ್ಯವಸ್ಥೆಯನ್ನು ತಾವೇ ಆರಿಸಿಕೊಳ್ಳಬೇಕಾಗಿರುವುದು.

ಬೆಂಗಳೂರು ವಿಶ್ವವಿದ್ಯಾನಿಲಯದಿಂದ ಬೇರ್ಪಟ್ಟು 2004ರಲ್ಲಿ ಸ್ಥಾಪಿತವಾದ ತುಮಕೂರು ವಿಶ್ವವಿದ್ಯಾನಿಲಯವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ಹೊಣೆ ತುಮಕೂರು ನಗರಕ್ಕೆ ಮುಗಿಯತಕ್ಕದ್ದಲ್ಲ. ಸುಮಾರು 20 ಕಿಲೋಮೀಟರು ದೂರದ ಗುಬ್ಬಿಯ ಕಾಲೇಜು, ಸುಮಾರು 35 ಕಿಲೋಮೀಟರು ದೂರದ ಕುಣಿಗಲಿನ ಕಾಲೇಜು ಇವೂ ಅದರ ಆಶ್ರಯದಲ್ಲಿವೆ. ತೆಂಗು ಅಡಕೆಗಳ ತೋಟದ ಮನೆಗಳಿಂದಲೂ ಕೂಲಿಯ ಮನೆಗಳಿಂದಲೂ ಬಸ್ಸು ಹಿಡಿದು ಬರುವ ಈ ವಿದ್ಯಾರ್ಥಿಗಳಲ್ಲಿ ಅನೇಕರು ತಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಲನ್ನು ಹತ್ತಿದ ಮೊದಲಿಗರು. ಅವರಿಗೆ ಗ್ರಂಥಾಲಯ ದೂರ. ಕೈಯಲ್ಲಿರುವ ಮೊಬೈಲೇ ಹತ್ತಿರ. ವ್ಯವಸ್ಥೆಯ ಆಯ್ಕೆಯಲ್ಲಿ ಇವರ ಅನುಕೂಲವೇ ಮೊದಲನೆಯ ಒರೆಗಲ್ಲಾಗಬೇಕು.

ಈಗ ವಿಶ್ವವಿದ್ಯಾನಿಲಯದ ಮುಂದಿರುವ ದಾರಿಗಳು ಎರಡು. ಕಂಪೆನಿಯೊಂದು ತಯಾರಿಸಿ ಮಾರುವ ವಾಣಿಜ್ಯ ತಂತ್ರಾಂಶವನ್ನು, ಸಾಮಾನ್ಯವಾಗಿ ವಿದ್ಯಾರ್ಥಿಗಳ ಸಂಖ್ಯೆಯನ್ನನುಸರಿಸಿ, ವರ್ಷಂಪ್ರತಿ ಶುಲ್ಕ ತೆತ್ತು ಬಳಸುವುದು ಒಂದು. ಮೂಲಸಂಕೇತವನ್ನು ಎಲ್ಲರಿಗೂ ತೆರೆದಿಟ್ಟಿರುವ ಓಪನ್ ಸೋರ್ಸ್ ತಂತ್ರಾಂಶವನ್ನು ತಂದು ತಾನೇ ನಡೆಸಿಕೊಳ್ಳುವುದು ಇನ್ನೊಂದು. ಎರಡನೆಯ ಜಾತಿಯಲ್ಲಿ ಮೂಡಲ್ ಪ್ರಸಿದ್ಧವಾದುದು. ಆಸ್ಟ್ರೇಲಿಯದ ಪರ್ತ್ ನಗರದ ಮಾರ್ಟಿನ್ ಡೂಗಿಯಾಮಸ್ ಎಂಬವರು ರಚಿಸಿದ ಇದರ ಮೊದಲ ಆವೃತ್ತಿಯು 2002ರಲ್ಲಿ ಹೊರಬಂದಿತು. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ 2005ರಲ್ಲಿ ಇದನ್ನು ಸ್ವೀಕರಿಸಿತು; ನಮ್ಮ ದೇಶದಲ್ಲಿ ಮುಂಬಯಿಯ ಐಐಟಿಯೂ ಇದನ್ನು ಬಳಸಿರುವುದು.

ವಾಣಿಜ್ಯ ತಂತ್ರಾಂಶದ ಗುಣಗಳನ್ನು ಮುಚ್ಚಿಡುವುದು ನ್ಯಾಯವಲ್ಲ. ಹಣ ಕೊಟ್ಟವನಿಗೆ ಕೇಳುವ ಹಕ್ಕುಂಟು. ಪರೀಕ್ಷೆಯ ಹಿಂದಿನ ರಾತ್ರಿ ವ್ಯವಸ್ಥೆ ಕೆಟ್ಟುನಿಂತರೆ ದೂರವಾಣಿ ಮಾಡಲು ಒಂದು ಸಂಖ್ಯೆಯಿರುವುದು. ಸರ್ವರಿನ ಚಿಂತೆ, ಹೊಸ ಆವೃತ್ತಿಯ ಚಿಂತೆ, ರಕ್ಷಣೆಯ ಚಿಂತೆ ಎಲ್ಲವೂ ಕಂಪೆನಿಯ ತಲೆಯ ಮೇಲೆ. ಸಿಬ್ಬಂದಿಯ ಕೊರತೆಯಿಂದ ಬಳಲುವ ಸಂಸ್ಥೆಗೆ ಇದು ಸಣ್ಣ ಅನುಕೂಲವಲ್ಲ.

ಆದರೆ ಕಂಪೆನಿಗಳು ಶಾಶ್ವತವಲ್ಲ. ಅವುಗಳ ದರವೂ ಶಾಶ್ವತವಲ್ಲ. ಕೆನಡದ ಬ್ರಿಟಿಷ್ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿದ ವೆಬ್‌ಸಿಟಿ ಎಂಬ ವ್ಯವಸ್ಥೆಯು ಮಾರಾಟವಾಗಿ, 2006ರಲ್ಲಿ ಬ್ಲಾಕ್‌ಬೋರ್ಡ್ ಕಂಪೆನಿಯ ಪಾಲಾಯಿತು. ಕಾಲಕ್ರಮದಲ್ಲಿ ಅದನ್ನು ನಂಬಿದ್ದ ವಿದ್ಯಾಸಂಸ್ಥೆಗಳೆಲ್ಲವೂ ಬೇರೆ ವ್ಯವಸ್ಥೆಗೆ ಗಂಟುಮೂಟೆ ಕಟ್ಟಬೇಕಾಯಿತು. ಅದೇ ವರ್ಷ ಬ್ಲಾಕ್‌ಬೋರ್ಡ್, ತನಗೆ ದೊರೆತ ಪೇಟೆಂಟನ್ನು ಹಿಡಿದು, ಡಿಸೈರ್‌ಟುಲರ್ನ್ ಎಂಬ ಪ್ರತಿಸ್ಪರ್ಧಿಯ ಮೇಲೆ ದಾವೆ ಹೂಡಿತು. 2009ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವು ಆ ಹಕ್ಕು ಊರ್ಜಿತವಲ್ಲವೆಂದು ತೀರ್ಪಿತ್ತಿತು. 2021ರಲ್ಲಿ ಬ್ಲಾಕ್‌ಬೋರ್ಡನ್ನು ತನ್ನಲ್ಲಿ ಸೇರಿಸಿಕೊಂಡ ಆಂಥಾಲಜಿ ಸಂಸ್ಥೆಯು 2025ರಲ್ಲಿ ಸಾಲದಾತರಿಂದ ರಕ್ಷಣೆ ಬೇಡಿ ನ್ಯಾಯಾಲಯದ ಮೆಟ್ಟಲನ್ನೇರಿತು. ಇಷ್ಟು ದೊಡ್ಡ ಮನೆಗಳ ಸ್ಥಿತಿಯೇ ಹೀಗಾದರೆ, ಮೂರು ವರ್ಷದ ಟೆಂಡರಿನಲ್ಲಿ ಕಡಮೆ ದರ ಕೂಗಿ ಬಂದ ಸಣ್ಣ ಮನೆಯನ್ನು ಎಷ್ಟು ಕಾಲ ನಂಬಬಹುದು?

ಪುಕ್ಕಟೆಯ ದಾನವನ್ನು ಕುರಿತೂ ಒಂದು ಮಾತು ಹೇಳಬೇಕು. ಗೂಗಲ್ ಕಂಪೆನಿಯು 2014ರಲ್ಲಿ ತನ್ನ ಕ್ಲಾಸ್‌ರೂಮ್ ಸೌಕರ್ಯವನ್ನು ವಿದ್ಯಾಸಂಸ್ಥೆಗಳಿಗೆ ಉಚಿತವಾಗಿ ನೀಡಿತು. ಅದರೊಡನೆ ಮಿತಿಯಿಲ್ಲದ ಸಂಗ್ರಹಸ್ಥಳವೂ ಸಿಕ್ಕಿತು. 2021ರಲ್ಲಿ ಆ ಕಂಪೆನಿಯು ಮಾತು ಬದಲಿಸಿ, ಸಂಸ್ಥೆಯೊಂದಕ್ಕೆ 100 ಟೆರಾಬೈಟಿನ ಮಿತಿಯನ್ನು ಗೊತ್ತುಮಾಡಿ, 2022ರಿಂದ ಅದನ್ನು ಜಾರಿಗೆ ತಂದಿತು. ದಾನಿಯು ತನ್ನ ದಾನಕ್ಕೆ ಮಿತಿ ಹಾಕಿದರೆ ತಪ್ಪೆನ್ನಲಾಗದು. ಆ ದಾನವನ್ನೇ ಮನೆಯ ಅಡಿಪಾಯವೆಂದು ನಂಬಿದವರದು ತಪ್ಪು.

ತೆರೆದ ತಂತ್ರಾಂಶದ ಸ್ಥಿತಿ ಬೇರೆ. ಹಾರ್ವರ್ಡ್ ಮತ್ತು ಎಂಐಟಿ ವಿದ್ಯಾಪೀಠಗಳು 2012ರಲ್ಲಿ ಸ್ಥಾಪಿಸಿದ ಎಡ್‌ಎಕ್ಸ್ ಸಂಸ್ಥೆಯು 2021ರಲ್ಲಿ 80 ಕೋಟಿ ಡಾಲರಿಗೆ ಟೂಯು ಕಂಪೆನಿಗೆ ಮಾರಾಟವಾಯಿತು; ಕೊಂಡ ಕಂಪೆನಿಯೂ 2024ರಲ್ಲಿ ದಿವಾಳಿಯ ಅಂಚಿಗೆ ಬಂದಿತು. ಆದರೆ ಓಪನ್ ಎಡ್‌ಎಕ್ಸ್ ಎಂಬ ಅದರ ತಂತ್ರಾಂಶದ ಮೂಲವು ಎಲ್ಲರ ಕೈಯಲ್ಲಿಯೇ ಉಳಿಯಿತು. ಯಜಮಾನನು ಬದಲಾದರೂ ಬೀಗದ ಕೈ ಕಳೆಯಲಿಲ್ಲ. ತಂತ್ರಾಂಶವು ಪರದೇಶದಲ್ಲಿ ಹುಟ್ಟಿತೆಂಬ ಮಾತ್ರಕ್ಕೆ ನಾವು ಅದನ್ನು ಪರಕೀಯವೆನ್ನೆವು. ನಮ್ಮ ಊರಿನವನು ಬಿಚ್ಚಿ ನೋಡಿ ತಿದ್ದಬಲ್ಲ ಯಂತ್ರವು ನಮ್ಮದು. ನಮ್ಮ ಊರಿನಲ್ಲಿಯೇ ತಯಾರಾಗಿದ್ದರೂ ಬಿಚ್ಚಲು ಅಪ್ಪಣೆಯಿಲ್ಲದ ಯಂತ್ರವು ಪರರದು. ಇದೇ ನಿಜವಾದ ಸ್ವದೇಶಿಯ ಅರ್ಥ.

ಈ ಪಾಠವನ್ನು ಕಲಿಯಲು ನಾವು ಅಮೆರಿಕಕ್ಕೆ ಹೋಗಬೇಕಾಗಿಯೂ ಇಲ್ಲ. ಯೂನಿಕೋಡ್ ಬಳಕೆಗೆ ಬರುವ ಮುನ್ನ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ಕನ್ನಡ ಕಡತಗಳ ಪಾಡನ್ನು ನಮ್ಮ ಕಚೇರಿಗಳ ಗುಮಾಸ್ತರು ಬಲ್ಲರು. ಆ ಅಕ್ಷರವಿನ್ಯಾಸವಿಲ್ಲದ ಗಣಕದಲ್ಲಿ ತೆರೆದರೆ ಸುತ್ತೋಲೆಯೂ ಪ್ರಶ್ನೆಪತ್ರಿಕೆಯೂ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗುವುವು. ಬರೆದವರು ನಾವೇ, ಭಾಷೆಯೂ ನಮ್ಮದೇ. ಓದಲು ಮಾತ್ರ ಸಾಧ್ಯವಿಲ್ಲ. ಗುಬ್ಬಿಯ ಅಧ್ಯಾಪಕರೊಬ್ಬರು ಹತ್ತು ವರ್ಷ ಶ್ರಮಿಸಿ ಸಿದ್ಧಪಡಿಸಿದ ಕನ್ನಡ ಪಾಠಗಳಿಗೆ ಇದೇ ಗತಿ ಬರಬಾರದು. ನಮ್ಮ ಸರ್ಕಾರಿ ಕಾಲೇಜುಗಳು ಅತಿಥಿ ಉಪನ್ಯಾಸಕರನ್ನು ಬಹುವಾಗಿ ನೆಚ್ಚಿಕೊಂಡಿವೆ. ವರ್ಷ ಮುಗಿದು ಉಪನ್ಯಾಸಕರು ಹೊರಟುಹೋದರೂ ಪಾಠವು ಕಾಲೇಜಿನಲ್ಲಿ ನಿಲ್ಲಬೇಕಾದರೆ ಅದು ವಿಶ್ವವಿದ್ಯಾನಿಲಯದ ಸ್ವಂತ ಭಂಡಾರದಲ್ಲಿರಬೇಕು.

ಹಾಗಾದರೆ ತೆರೆದ ತಂತ್ರಾಂಶವನ್ನು ಇಳಿಸಿಕೊಂಡೊಡನೆ ಎಲ್ಲವೂ ಸುಸೂತ್ರವಾಗುವುದೇ? ಎಂದಿಗೂ ಇಲ್ಲ. ಇಲ್ಲಿಯೇ ನಮ್ಮ ಅಧಿಕಾರಿವರ್ಗವು ಎಡವುವ ಸಂಭವವುಂಟು. ಕುಣಿಗಲಿನ ದೊಡ್ಡಕೆರೆಯನ್ನು ನೋಡಿರಿ. ಮಳೆಯ ನೀರಿಗೆ ಯಾರೂ ಬೆಲೆ ತೆರಬೇಕಾಗಿಲ್ಲ. ಆದರೆ ಏರಿಯನ್ನು ಕಾಯಲು, ತೂಬನ್ನು ಎತ್ತಿ ಇಳಿಸಲು, ಗದ್ದೆಗೆ ಸರದಿಯಂತೆ ನೀರು ಬಿಡಲು ನಮ್ಮ ಹಿರಿಯರು ಕೆರೆಗಳಿಗೆ ನೀರುಗಂಟಿಯನ್ನು ನೇಮಿಸಿದ್ದರು. ಅಚ್ಚುಕಟ್ಟಿನ ರೈತರು ಸುಗ್ಗಿಯಲ್ಲಿ ಅವನಿಗೆ ಧಾನ್ಯವನ್ನು ಅಳೆದುಕೊಡುತ್ತಿದ್ದರು. ನೀರು ಉಚಿತವೆಂದು ನೀರುಗಂಟಿಯ ಕೂಲಿಯನ್ನು ಉಳಿಸಿದ ಊರಿನಲ್ಲಿ ಕೆರೆಯು ಹೂಳು ತುಂಬಿತು. ಮೂಡಲ್ ವ್ಯವಸ್ಥೆಯೂ ಹಾಗೆಯೇ. ಪರವಾನಗಿಗೆ ಹಣವಿಲ್ಲ, ಆದರೆ ವರ್ಷಕ್ಕೆರಡು ಬಾರಿ ಹೊಸ ಆವೃತ್ತಿ ಬರುವುದು, ರಕ್ಷಣೆಯ ತಿದ್ದುಪಡಿಗಳು ನಡುನಡುವೆ ಬರುವುವು, ದತ್ತಾಂಶದ ಪ್ರತಿಯನ್ನು ಕಾಪಾಡಬೇಕು, ಅಧ್ಯಾಪಕರಿಗೆ ಕಲಿಸಬೇಕು. ಇದನ್ನು ನೋಡಿಕೊಳ್ಳಲು ಕಾಯಂ ಜನರಿಲ್ಲದೆ, ಆಸಕ್ತ ಅಧ್ಯಾಪಕರೊಬ್ಬರ ತಲೆಗೆ ಕಟ್ಟಿ ಕೈತೊಳೆದುಕೊಂಡರೆ, ಅವರು ವರ್ಗವಾದ ದಿನವೇ ವ್ಯವಸ್ಥೆಯೂ ನಿಲ್ಲುವುದು. ಕಾಯುವವರಿಲ್ಲದ ತೆರೆದ ತಂತ್ರಾಂಶಕ್ಕಿಂತ ಕಾವಲುಳ್ಳ ಬಾಡಿಗೆಯ ತಂತ್ರಾಂಶವೇ ಮೇಲೆಂದು ನಾವು ಸಂಕೋಚವಿಲ್ಲದೆ ಹೇಳುವೆವು.

ಆದರೆ ಅಂತಹ ಜನರು ನಮ್ಮಲ್ಲಿ ಇಲ್ಲವೇ? ತುಮಕೂರಿನಲ್ಲಿ 1963ರಿಂದ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯವು ನಡೆದುಬಂದಿರುವುದು. ಗುಬ್ಬಿಯಲ್ಲಿಯೂ ಎಂಜಿನಿಯರಿಂಗ್ ಕಾಲೇಜುಂಟು. ಅಲ್ಲಿ ಕಲಿತ ತರುಣರು ಪ್ರತಿದಿನವೂ ಬೆಂಗಳೂರಿನ ರೈಲನ್ನು ಹತ್ತಿ ಪರದೇಶದ ಕಂಪೆನಿಗಳ ತಂತ್ರಾಂಶವನ್ನು ಕಾಯುತ್ತಿರುವರು. ಅವರಲ್ಲಿ ಮೂವರನ್ನು ತಮ್ಮ ಜಿಲ್ಲೆಯ ವಿಶ್ವವಿದ್ಯಾನಿಲಯದ ತಂತ್ರಾಂಶವನ್ನು ಕಾಯಲು ಗೌರವದ ಸಂಬಳದ ಮೇಲೆ ನೇಮಿಸಲಾರದಷ್ಟು ಬಡತನ ನಮ್ಮದಲ್ಲ.

ಆದಕಾರಣ ನಮ್ಮ ಸೂಚನೆಗಳು ಇವು. ಪ್ರತಿ ಕಾಲೇಜೂ ಬೇರೆ ಬೇರೆಯಾಗಿ ಕೈಸುಟ್ಟುಕೊಳ್ಳದೆ, ವಿಶ್ವವಿದ್ಯಾನಿಲಯವು ಒಂದೇ ತೆರೆದ ವ್ಯವಸ್ಥೆಯನ್ನು ನೆಲೆಗೊಳಿಸಿ ಎಲ್ಲ ಕಾಲೇಜುಗಳಿಗೂ ಹಂಚಲಿ. ಅದಕ್ಕೆ ಮೊದಲು ಹುದ್ದೆಗಳನ್ನು ಮಂಜೂರು ಮಾಡಲಿ. ಯಂತ್ರಗಳನ್ನು ಆಮೇಲೆ ಕೊಳ್ಳಲಿ. ಗುಬ್ಬಿಯಲ್ಲೊಂದು, ಕುಣಿಗಲಿನಲ್ಲೊಂದು ಕಾಲೇಜನ್ನು ಆರಿಸಿ ಒಂದು ವರ್ಷ ಪರೀಕ್ಷಿಸಲಿ. ಸಂಪರ್ಕ ಕಡಿದಾಗಲೂ ಮೊದಲೇ ಇಳಿಸಿಕೊಂಡ ಪಾಠವನ್ನು ಓದುವ ಸೌಲಭ್ಯವು ಮೂಡಲಿನ ಮೊಬೈಲ್ ಆ್ಯಪಿನಲ್ಲಿರುವುದರಿಂದ, ಹಳ್ಳಿಯ ವಿದ್ಯಾರ್ಥಿಗೆ ಅದು ಎಷ್ಟು ಒದಗುವುದೆಂಬುದು ಅಲ್ಲಿಯೇ ಗೊತ್ತಾಗಲಿ. ಪಾಠವೆಲ್ಲವೂ ಯೂನಿಕೋಡ್ ಕನ್ನಡದಲ್ಲಿರಬೇಕೆಂದು ಕಟ್ಟಳೆಯಾಗಲಿ.

ಒಂದು ವೇಳೆ ವಾಣಿಜ್ಯ ತಂತ್ರಾಂಶವನ್ನೇ ಕೊಳ್ಳುವುದು ಅನಿವಾರ್ಯವಾದರೆ, 1999ರ ಪಾರದರ್ಶಕತಾ ಅಧಿನಿಯಮದಂತೆ ಕರೆಯುವ ಟೆಂಡರಿನಲ್ಲಿ ದರದೊಡನೆ ಮೂರು ಷರತ್ತುಗಳಿರಲಿ: ಕರಾರು ಮುಗಿದಾಗ ಪಾಠವನ್ನೂ ಅಂಕಗಳನ್ನೂ ಬೇರೆ ವ್ಯವಸ್ಥೆಯು ಓದಬಲ್ಲ ರೂಪದಲ್ಲಿ ಹಿಂದಿರುಗಿಸಬೇಕು, ನವೀಕರಣದ ಕಾಲದ ದರಕ್ಕೆ ಮೊದಲೇ ಮಿತಿಯಿರಬೇಕು, ವಿದ್ಯಾರ್ಥಿಗಳ ವೈಯಕ್ತಿಕ ವಿವರಗಳನ್ನು 2023ರ ದತ್ತಾಂಶ ಸಂರಕ್ಷಣಾ ಅಧಿನಿಯಮಕ್ಕೆ ಅನುಸಾರವಾಗಿ ಕಾಪಾಡಬೇಕು, ಅನ್ಯ ವ್ಯಾಪಾರಕ್ಕೆ ಬಳಸಕೂಡದು. ಈ ಷರತ್ತುಗಳಿಗೆ ಒಪ್ಪದ ಕಂಪೆನಿಯ ದರವು ಎಷ್ಟೇ ಅಗ್ಗವಾದರೂ ಅದು ದುಬಾರಿಯೇ ಸರಿ.

ಕೇಂದ್ರ ಸರ್ಕಾರವು 2015ರಲ್ಲಿಯೇ ತನ್ನ ಇಲಾಖೆಗಳಲ್ಲಿ ತೆರೆದ ತಂತ್ರಾಂಶಕ್ಕೆ ಆದ್ಯತೆ ಕೊಡಬೇಕೆಂಬ ನೀತಿಯನ್ನು ಪ್ರಕಟಿಸಿತು. ನೀತಿಯು ಕಾಗದದ ಮೇಲಿದ್ದರೆ ಸಾಲದು. ವಿದ್ಯೆಯು ಕದಿಯಲಾಗದ ಧನವೆಂದು ಹೇಳಿಕೊಂಡು ಬಂದ ಜನ ನಾವು. ಆ ಧನವನ್ನಿಟ್ಟ ಪೆಟ್ಟಿಗೆಯ ಬೀಗದ ಕೈ ಯಾರ ಸೊಂಟದಲ್ಲಿದೆಯೆಂಬುದನ್ನು ವಿಶ್ವವಿದ್ಯಾನಿಲಯದ ಸಿಂಡಿಕೇಟಿನ ಸದಸ್ಯರು ಕರಾರಿಗೆ ರುಜು ಹಾಕುವ ಮುನ್ನವೇ ಕೇಳಲಿ; ರುಜುವಾದ ಮೇಲೆ ಕೇಳಿ ಫಲವಿಲ್ಲ.